ಕಾರವಾನಿನ ಕೊಂಡಿ

ವಾಟಲ್ ಕ್ರೀಕ್, ಟ್ಯಾಸ್ಮೇನಿಯಾ

ಮರ್ವಿನ್,

ನೀನು ಕ್ಷೇಮವೆಂದು ನಿನ್ನ ತಂಗಿ ಬೆರಿಲ್ ಹೇಳಿದಳು. ಇದು ಬರೀ ಕೆಲಸದ ವಿಷಯ.

ನಿನ್ನೆ ಕೌನ್ಸಿಲ್‌ನವರು ಬಂದಿದ್ದರು. ಜಮೀನು ನಮ್ಮದೇ ಆದರೂ, ಕಾರವಾನಿನಲ್ಲಿ ಕಾಯಂ ಇರಬೇಕಾದರೆ ಅದು ಯಾವಾಗ ಬೇಕಾದರೂ ಹೊರಡುವಂತಿರಬೇಕಂತೆ. ಚಕ್ರ ತಿರುಗಿಸಿ ನೋಡಿದರು. ಗಾಳಿ ತುಂಬಿಸಿ ಗ್ರೀಸ್ ಹಚ್ಚಿಟ್ಟಿದ್ದೆ, ಸಲೀಸಾಗಿ ತಿರುಗಿದವು. ಆಮೇಲೆ ಮುಂದಕ್ಕೆ ಬಂದು ಬಗ್ಗಿ, "ಎಳೆಯೋ ಕೊಂಡಿ ಎಲ್ಲಿದೆಯಮ್ಮಾ?" ಅಂದರು.

"ನಮ್ಮ ಯಜಮಾನ್ರು ದೋಣಿ ಎಳ್ಕೊಂಡು ಹೋಗೋಕೆ ಬಿಚ್ಕೊಂಡ್ರು."

"ಯಾವಾಗ ಬರ್ತಾರೆ?"

ಟೀ ಕುಡೀತೀರಾ ಅಂತ ಕೇಳಿದೆ.

"ಚಕ್ರ ಇದ್ದೂ ಎಲ್ಲಿಗೂ ಹೋಗದ ಮನೇಲಿ ನಾನಿರಲ್ಲ ಕಣೇ" ಅಂತ ಹೊರಟೆಯಲ್ಲ, ಈಗ ಕಾನೂನೂ ನಿನ್ನ ಕಡೆಗೇ ಇದೆ. ನಗಬೇಕಿದ್ದರೆ ನಗು.

ಕೊಂಡಿ ಇಲ್ಲದಿದ್ದರೆ ಇದು ಅನುಮತಿಯಿಲ್ಲದ ಮನೆಯಂತೆ. ಈಸ್ಟರ್‌ವರೆಗೆ ಗಡುವು ಕೊಟ್ಟಿದ್ದಾರೆ. ಅಂಚೆಯಲ್ಲಿ ಕಳಿಸಬೇಡ, ಭಾರ. ನೀನೇ ತಂದು ಹಾಕಿಕೊಡು. ಗಟ್ಟಿ ಕೂತಿದೆಯೋ ಇಲ್ಲವೋ ನೋಡಲು ಸಮುದ್ರದವರೆಗೆ ಎಳೆದುಕೊಂಡು ಹೋಗಿ ಬರೋಣ. ಈ ಸಲ ನಾನು ಬೇಡ ಅನ್ನುವುದಿಲ್ಲ.

ಪೇಟೆಯ ಅಂಗಡಿಯಲ್ಲಿ ಅಂಥದ್ದೇ ಹೊಸದೊಂದಿದೆ. ಕೈಯಲ್ಲಿ ಹಿಡಿದು ನೋಡಿ, ಅಲ್ಲೇ ಇಟ್ಟು ಬಂದೆ.

ಡೆಲ್ಮಾ