ಗುರವ್ವಳಿಗೆ ಶ್ರದ್ಧಾಂಜಲಿ

ಬೈಲಹೊಂಗಲ
೧೮ ಜನವರಿ ೨೦೨೬, ರವಿವಾರ

ಪ್ರೀತಿಯ ಗುರವ್ವ,

ನಾಗರತ್ನಾಳ ಶರಣು. ವಿಜಯಪುರದ ಚಳಿಗೆ ನಿನ್ನ ದಮ್ಮು ಹೆಚ್ಚಾಗಿಲ್ಲ ಎಂದುಕೊಂಡಿದ್ದೇನೆ. ನಿನ್ನ ಹಾಸ್ಟೆಲಿನ ಹುಡುಗಿಯರು ಹಬ್ಬಕ್ಕೆ ಊರಿಗೆ ಹೋಗಿ ಬಂದರೇ? ನೀನು ಕಳಿಸಿದ ಕುಸುರೆಳ್ಳು ಮುಟ್ಟಿ ನಾಲ್ಕು ದಿನವಾಯಿತು, ನಾನು ಒಂದು ಸಾಲು ಬರೆಯಲಿಲ್ಲ. ಕ್ಷಮಿಸು. ಫೋನಿನಲ್ಲೇ ಹೇಳಿ ಮುಗಿಸೋಣವೆಂದು ಹಚ್ಚಿದ್ದೆ. ನಿನ್ನ ದನಿ ಕೇಳಿದ ಕೂಡಲೇ ಬಾಯಿಗೆ ಬಂದದ್ದು ಬರೀ ಮೊಣಕಾಲು ನೋವಿನ ಸುದ್ದಿ. ಮತ್ತೇನಾದರೂ ಇದೆಯೇ ಎಂದು ನೀನು ಕೇಳಿದೆ. ಇತ್ತು. ಹೇಳಲಾಗಲಿಲ್ಲ. ಅದಕ್ಕೆ ಈ ಕಾಗದ. ನಮ್ಮ ಮನೆಯವರು ಅಂಗಡಿಗೆ ಹೋಗಿದ್ದಾರೆ, ಅವರು ಊಟಕ್ಕೆ ಬರುವುದರೊಳಗೆ ಬರೆದುಬಿಡಬೇಕು.

ನಾವು ಬಿ.ಎ. ಮುಗಿಸಿ ಮೂವತ್ತು ವರ್ಷ ಆಗುತ್ತ ಬಂತೆಂದು ಡಿಸೆಂಬರ್ ಕೊನೆಯಲ್ಲಿ ನಮ್ಮ ತಂಡದವರೆಲ್ಲ ಕೂಡಿದ್ದೆವು, ಸವದತ್ತಿ ರಸ್ತೆಯ ಒಂದು ಹೊಸ ಕಲ್ಯಾಣಮಂಟಪದಲ್ಲಿ. ಎಲ್ಲ ಏರ್ಪಾಟು ದುಂಡಪ್ಪನದು. ಹಾಜರಿ ಕರೆಯುವಾಗ ಬಾರದವರ ಪರವಾಗಿಯೂ ಹಿಂದಿನ ಬೆಂಚಿನಿಂದ ಓಗೊಡುತ್ತಿದ್ದನಲ್ಲ, ಅವನೇ. ಈಗ ದೊಡ್ಡ ಗುತ್ತಿಗೆದಾರ. ವಾಟ್ಸಾಪ್ ಗುಂಪಿನಲ್ಲಿ ನಿನ್ನ ಹೆಸರಿಲ್ಲ ಎಂದು ನಾನು ಅವನಿಗೆ ಮೊದಲೇ ಹೇಳಿದ್ದೆ. ನೋಡೋಣ ಎಂದಿದ್ದ. ನಮ್ಮ ಜೊತೆಗೇ ಓದಿ ನಿನ್ನನ್ನು ಕಟ್ಟಿಕೊಂಡಿದ್ದ ಆ ಗೌರೀಶನ ಎದುರು ನಿನಗೂ ಬರಲು ಮನಸ್ಸಾಗಲಿಕ್ಕಿಲ್ಲ ಎಂದು ನಾನೂ ಸುಮ್ಮನಾದೆ.

ಒಬ್ಬೊಬ್ಬರೇ ಎದ್ದು ತಮ್ಮ ತಮ್ಮ ಸುದ್ದಿ ಹೇಳಬೇಕಿತ್ತು. ಬಾಳೇಶ ಬ್ಯಾಂಕಿನಲ್ಲಿ ಮ್ಯಾನೇಜರ್ ಆಗಿದ್ದಾನೆ. ಎದ್ದು ಮಗನ ಸಂಬಳ ಹೇಳಿ ಕುಳಿತ. ಮಧು ತನ್ನ ಹೊಸ ಮನೆಯ ಫೋಟೊಗಳನ್ನು ಪರದೆಯ ಮೇಲೆ ಹಾಕಿಸಿದಳು, ಪಾಯಖಾನೆಯ ಟೈಲ್ಸನ್ನೂ ಬಿಡಲಿಲ್ಲ. ಅಜಿತ ಕೋರ್ಟಿನಲ್ಲಿ ದೊಡ್ಡ ವಕೀಲ, ಕೊರಳಲ್ಲಿ ಹೆಬ್ಬೆರಳು ಗಾತ್ರದ ಸರ. ಅವನ ಮಗಳು ಡಾಕ್ಟರ್, ಅಳಿಯ ಅದಕ್ಕಿಂತ ದೊಡ್ಡ ಡಾಕ್ಟರ್. ನಾನು ಬೈಲಹೊಂಗಲದಲ್ಲೇ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದೇನೆ ಎಂದೆ. ಇನ್ನೂ ಅಲ್ಲೇ ಇದ್ದೀಯಾ ಎಂದು ಮಧು ನನ್ನ ಬೆನ್ನು ಸವರಿದಳು. ಇಷ್ಟನ್ನು ನಾನು ನಕ್ಕು ಮರೆಯುತ್ತಿದ್ದೆ.

ಊಟಕ್ಕೆ ಮೊದಲು ಅಗಲಿದ ಗೆಳೆಯರಿಗೆ ಶ್ರದ್ಧಾಂಜಲಿ ಎಂದರು. ಪರದೆಯ ಮೇಲೆ ಮೊದಲು ಮುತ್ತಪ್ಪ ಬಂದ, ತೊರಗಲ್ಲಿನ ಕಬಡ್ಡಿ ಮುತ್ತಪ್ಪ. ಹೋದ ವರ್ಷ ಹೊಲದಲ್ಲಿ ಕುಸಿದು ಬಿದ್ದವನು ಏಳಲೇ ಇಲ್ಲವಂತೆ. ಅವನ ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ನನಗೂ ಕಣ್ಣು ತುಂಬಿ ಬಂತು. ಆ ಕಣ್ಣಿನಲ್ಲೇ ಮುಂದಿನ ಫೋಟೊ ನೋಡಿದೆ. ಅದು ನೀನು.

ಕಿತ್ತೂರಿಗೆ ಪ್ರವಾಸ ಹೋದಾಗ ಕೋಟೆಯ ಗೋಡೆಯ ಮೇಲೆ ಕುಳಿತು ನಾವಿಬ್ಬರೂ ತೆಗೆಸಿಕೊಂಡ ಫೋಟೊ. ನನ್ನನ್ನು ಕತ್ತರಿಸಿ ತೆಗೆದಿದ್ದರು, ಅಂಚಿನಲ್ಲಿ ನನ್ನ ಹೆಗಲು ಮತ್ತು ಅರ್ಧ ಜಡೆ ಉಳಿದಿತ್ತು. ನಿನ್ನ ಹೆಸರಿನ ಹಿಂದೆ 'ಲಿಂಗೈಕ್ಯ' ಎಂದು ಬರೆದಿದ್ದರು.

ಕೆಳಗೆ ಮೇಜಿನ ಮೇಲೆ ಅದೇ ಫೋಟೊಕ್ಕೆ ಚೌಕಟ್ಟು ಹಾಕಿಸಿ ಇಟ್ಟಿದ್ದರು. ಹಾರ ಹಾಕಲು ಗೌರೀಶನನ್ನು ಕರೆದರು. ಹಣೆ ತುಂಬ ವಿಭೂತಿ, ಬಿಳಿ ಅಂಗಿ. ರಾಮದುರ್ಗದಲ್ಲಿ ಅವನ ಬೀಜ-ಗೊಬ್ಬರದ ಅಂಗಡಿ ಒಂದಿದ್ದದ್ದು ಈಗ ಮೂರಾಗಿದೆ. ನಿನ್ನ ಮುಂಗೈ ಮುರಿದ ಕೈಯಿಂದಲೇ ಹಾರ ಹಾಕಿದ. ಒಂದು ಹೆಜ್ಜೆ ಹಿಂದೆ ಸರಿದು, ಅಂಗಡಿಯ ಬೋರ್ಡು ನೆಟ್ಟಗಿದೆಯೋ ಇಲ್ಲವೋ ನೋಡುವ ಹಾಗೆ ನೋಡಿ, ಮತ್ತೆ ಹೋಗಿ ಸರಿಪಡಿಸಿದ. ಅವನ ಈಗಿನ ಹೆಂಡತಿ ಎರಡನೆಯ ಸಾಲಿನಲ್ಲಿ ಕುಳಿತು ತನ್ನ ಬಳೆಗಳನ್ನೇ ನೋಡುತ್ತಿದ್ದಳು. ಪಕ್ಕದಲ್ಲಿ ನಿನ್ನ ಮಗಳು ಶೀತಲ್. ಹೌದು, ಅವಳೂ ಬಂದಿದ್ದಳು. ನಿನಗಿಂತ ಎತ್ತರ ಬೆಳೆದಿದ್ದಾಳೆ, ಎಂ.ಎಸ್ಸಿ. ಮುಗಿಸಿದ್ದಾಳೆ, ಹುಬ್ಬು ನಿನ್ನದೇ. ಅವಳ ಸುದ್ದಿ ಆಮೇಲೆ ಬರೆಯುತ್ತೇನೆ.

ಇದೇನು ಎಂದು ಬಾಳೇಶನನ್ನು ಕೇಳಿದೆ. ಕೊರೊನಾ ವರ್ಷ ತೀರಿಕೊಂಡಳಂತಲ್ಲ, ನಿನಗೆ ಗೊತ್ತಿಲ್ಲವೇ ಎಂದ. ಅವನು ನಿಜವಾಗಿಯೂ ನಂಬಿದ್ದ. ಆ ವರ್ಷ ಯಾರ ಮಣ್ಣಿಗೂ ಯಾರೂ ಹೋಗಲಿಲ್ಲ, ಯಾರ ಹೆಣದ ಮುಖವನ್ನೂ ಯಾರೂ ನೋಡಲಿಲ್ಲ. ಸುಳ್ಳು ಹೇಳಲು ಅದಕ್ಕಿಂತ ಅನುಕೂಲದ ವರ್ಷ ಗೌರೀಶನಿಗೆ ಇನ್ನೆಲ್ಲಿ ಸಿಗಬೇಕು?

ಎಲ್ಲರೂ ಮೌನ ನಿಂತರು. ನನ್ನ ಕಾಲುಗಳೂ ರೂಢಿಯಂತೆ ಎದ್ದು ನಿಂತುಬಿಟ್ಟವು. ಆಮೇಲೆ ನನ್ನ ದನಿ ನನಗೇ ಕೇಳಿಸಿತು.

"ಗುರವ್ವ ಸತ್ತಿಲ್ಲ. ಜೀವಂತ ಅದಾಳ. ಹೋದ ವಾರ ನಾ ಆಕಿ ಜೋಡಿ ಮಾತಾಡೇನಿ."

ದುಂಡಪ್ಪ ಗಾಬರಿಯಾಗಲಿಲ್ಲ. ಮೈಕು ಕೈಗೆ ತೆಗೆದುಕೊಂಡ.

"ನಾಗರತ್ನಾ ಮೇಡಮ್ ಅವರಿಗೆ ದುಃಖ ತಡಕೊಳ್ಳಾಕ ಆಗವಲ್ದು. ಖರೇನ ಐತಿ. ನಮ್ಮ ಗುರವ್ವ ನಮ್ಮೆಲ್ಲರ ಮನಸಿನ್ಯಾಗ ಜೀವಂತ ಅದಾಳ."

ಜನ ಚಪ್ಪಾಳೆ ತಟ್ಟಿದರು. ಕೆಲವರು ಕಣ್ಣೊರೆಸಿಕೊಂಡರು. ಮಧು ಬಂದು ನನ್ನನ್ನು ಅಪ್ಪಿಕೊಂಡಳು, ಅವಳ ಅತ್ತರಿನ ವಾಸನೆ ಇನ್ನೂ ನನ್ನ ಸೀರೆಯಿಂದ ಹೋಗಿಲ್ಲ. ಇಪ್ಪತ್ತೈದು ವರ್ಷದಿಂದ ಮಕ್ಕಳೆದುರು ಮಾತಾಡುವುದೇ ನನ್ನ ಕೆಲಸ. ಬದುಕಿದವಳನ್ನು ಬದುಕಿದ್ದಾಳೆ ಎಂದು ಹೇಳಲು ಅಂದು ನನ್ನ ಕೈಯಲ್ಲಿ ಆಗಲಿಲ್ಲ.

ಊಟಕ್ಕೆ ಅಜಿತ ನನ್ನ ಎದುರಿಗೇ ಕುಳಿತ. ಗೌರೀಶನಿಗೆ ಡೈವರ್ಸ್ ಕೊಡಿಸಿದವನು ಅವನೇ, ಕೋರ್ಟಿನಲ್ಲಿ ನಿನ್ನನ್ನು ಅಡ್ಡಸವಾಲು ಮಾಡಿದವನೂ ಅವನೇ. ನಿನಗಾದರೂ ಗೊತ್ತಲ್ಲವೇ ಎಂದು ಕೇಳಿದೆ. ಮಾದಲಿಗೆ ತುಪ್ಪ ಹಾಕಿಸಿಕೊಳ್ಳುತ್ತ, ಸುಳ್ಳು ಮರಣ ಪ್ರಮಾಣಪತ್ರ ಮಾಡಿಸಿದ್ದರೆ ಅದು ಗುನ್ನೆ, ಇದು ಬರೀ ಬಾಯಿಮಾತು, ಯಾವ ಕಲಮಿನಲ್ಲೂ ಬರುವುದಿಲ್ಲ ಎಂದ. ನಾನು ಕೇಳಿದ್ದು ಕಲಮನ್ನಲ್ಲ.

ಅಷ್ಟರಲ್ಲಿ ದುಂಡಪ್ಪ ಬಂದು ಪಕ್ಕದಲ್ಲಿ ಕುಳಿತ. ಶೀತಲ್‌ಳನ್ನು ಅವನ ಹಿರಿಯ ಮಗನಿಗೆ ಗೊತ್ತು ಮಾಡಿದ್ದಾರೆ. ಶಿವರಾತ್ರಿ ಮುಗಿದ ಮೇಲೆ ರಾಮದುರ್ಗದಲ್ಲಿ ಮದುವೆ. ಅಂದಿನ ಶ್ರದ್ಧಾಂಜಲಿ ಅವನ ಅಣ್ಣತಮ್ಮಂದಿರು, ಬಳಗದವರು ನೋಡಲೆಂದೇ. ಅವರಲ್ಲಿ ಅರ್ಧ ಜನರನ್ನು ಅವನು ಕರೆಸಿಯೇ ಇದ್ದ, ಅಲ್ಲೇ ಪಂಕ್ತಿಯಲ್ಲಿ ಕುಳಿತಿದ್ದರು.

"ಸತ್ತ ತಾಯಿ ಅಂದ್ರ ಮಂದಿ ಕೈ ಮುಗೀತಾರ್ರಿ ಮೇಡಮ್," ಎಂದ. "ಬಿಟ್ಟ ಹೋದ ತಾಯಿ ಅಂದ್ರ ಹುಡುಗಿ ಮಾರಿ ನೋಡತಾರ. ನೀವ ಹೇಳ್ರಿ, ಯಾವುದು ಚಲೋ?"

ನೀನು ಬಿಟ್ಟು ಹೋದವಳಲ್ಲ, ಮುರಿದ ಕೈಯನ್ನು ಸೆರಗಿನಲ್ಲಿ ಕಟ್ಟಿಕೊಂಡು ನನ್ನ ಮನೆಗೆ ಬಂದವಳು, ಒಂಬತ್ತು ವರ್ಷದ ಮಗಳನ್ನು ಬಾಗಿಲ ಒಳಗೆ ಎಳೆದುಕೊಂಡು ಅಗಳಿ ಹಾಕಿದವರು ಅವರು ಎಂದೆ. ಅದೆಲ್ಲ ಹಳೆಯ ಮಾತು ಎಂದು ಅವನು ನನ್ನ ಎಲೆಗೆ ಇನ್ನೊಂದು ಶೇಂಗಾ ಹೋಳಿಗೆ ಹಾಕಿದ. ಆ ಹೋಳಿಗೆ ನೋಡಿ ನನಗೆ ತಲೆ ಕೆಟ್ಟಿತು. ಎದ್ದು ನಿಂತು, ಸುತ್ತಲಿನವರಿಗೆ ಕೇಳುವ ಹಾಗೆಯೇ ಹೇಳಿದೆ.

"ಮದುವಿಗೆ ಗುರವ್ವನ್ನ ನಾನ ಕರಕೊಂಡು ಬರತೇನಿ ದುಂಡಪ್ಪ. ಆಕಿ ತನ್ನ ಮಗಳಿಗೆ ಅಕ್ಕಿಕಾಳು ಹಾಕತಾಳ. ಆವತ್ತ ಮೈಕಿನ್ಯಾಗ ಏನ ಹೇಳತಿ ನೋಡೂಣು."

ಪಂಕ್ತಿಯಲ್ಲಿ ಯಾರೂ ತಲೆ ಎತ್ತಲಿಲ್ಲ. ರೊಟ್ಟಿ ಮುರಿಯುವ ಸಪ್ಪಳ ಮಾತ್ರ. ಗೊತ್ತಿದ್ದವರು ಎಷ್ಟು ಜನ, ಗೊತ್ತಿಲ್ಲದವರು ಎಷ್ಟು ಜನ ಎಂದು ಆ ತಗ್ಗಿದ ತಲೆಗಳನ್ನು ನೋಡಿ ಹೇಳುವ ಹಾಗಿರಲಿಲ್ಲ. ಎಲ್ಲವೂ ಒಂದೇ ಥರ ತಗ್ಗಿದ್ದವು. ಇವರ ಜೊತೆ ನಾವು ಒಂದೇ ಬುತ್ತಿಯಲ್ಲಿ ಉಂಡಿದ್ದೆವು ಗುರವ್ವ. ಮನೆಗೆ ಬಂದು ಎಲ್ಲ ಹೇಳಿದೆ. ನಮ್ಮ ಮನೆಯವರು ನಿನ್ನ ಬಗ್ಗೆ ಒಂದು ಮಾತೂ ಕೇಳಲಿಲ್ಲ. ದುಂಡಪ್ಪನ ಬಳಗ ದೊಡ್ಡದು, ಮದುವೆಯ ಜವಳಿ ನಮ್ಮ ಅಂಗಡಿಯಲ್ಲೇ ತೆಗೆಯಬೇಕೆಂದಿದ್ದರು ಎಂದು ಮುಖ ಸಣ್ಣ ಮಾಡಿದರು. ಅಂದಿನಿಂದ ನಮ್ಮ ಮಾತು ಉಪ್ಪು-ಚಹಾದಷ್ಟೇ.

ಗುಂಪಿನಿಂದ ನಾನು ಹೊರಗೆ ಬಂದಿದ್ದೇನೆ. ಹೊರಗೆ ಬಂದ ಮೇಲೂ ಮಧು ಫೋಟೊ ಕಳಿಸುತ್ತಲೇ ಇದ್ದಾಳೆ.

ಚಳಿ ಇಳಿಯುವವರೆಗೆ ಬೆಳಿಗ್ಗೆ ಹೊರಗೆ ತಿರುಗಬೇಡ. ಹುಡುಗಿಯರ ಊಟ ಮುಗಿಯಲಿ ಎಂದು ನಿನ್ನ ಊಟ ತಡ ಮಾಡಬೇಡ. ಮುರಗೋಡದ ಮಠದ ಅಜ್ಜಾರು ನಿನ್ನನ್ನು ತಂಪಾಗಿ ಇಟ್ಟಿರಲಿ, ನಿನಗೆ ನೂರು ವರ್ಷ ಕೊಡಲಿ. ಸುಮ್ಮನೆ ಹಾರೈಸುತ್ತಿಲ್ಲ, ಇವರೆಲ್ಲರ ಕಣ್ಣೆದುರು ನೀನು ನೂರು ವರ್ಷ ಬಾಳಬೇಕು.

ನಿನ್ನ
ನಾಗರತ್ನಾ

ತಾ.ಕ.: ಮಡಚಿದ ಕಾಗದವನ್ನು ಮತ್ತೆ ಬಿಚ್ಚಿದ್ದೇನೆ. ಶೀತಲ್ ಸುದ್ದಿ ಬರೆಯದೆಯೇ ಸಹಿ ಹಾಕಿದ್ದೆ. ಪಂಕ್ತಿಯಿಂದ ಎದ್ದು ಕೈ ತೊಳೆಯಲು ಹೋದಾಗ ಅವಳು ನನ್ನ ಹಿಂದೆಯೇ ಬಂದಳು. ನಾನು ಅವಳ ಎರಡೂ ಕೈ ಹಿಡಿದು, ನಿನ್ನವ್ವ ಬದುಕಿದ್ದಾಳೆ ಮಗಳೇ ಎಂದೆ. ಅವಳು ಅಳಲಿಲ್ಲ, ಬೆಚ್ಚಲಿಲ್ಲ.

"ನನಗ ಗೊತ್ತೈತ್ರಿ ಆಂಟಿ. ಆ ಫೋಟೋ ನಾನ ಕೊಟ್ಟೇನಿ. ಅವ್ವ ಬಿಟ್ಟ ಹೋಗ್ಯಾಳಂತ ಮಂದಿ ಆಡಿದ ಮಾತಿಗೆ ಎರಡ ಸಂಬಂಧ ಮುರದು ಹೋದ್ವು. ನಾ ಆ ಮನಿಯಿಂದ ಹೊರಗ ಬೀಳಬೇಕ್ರಿ, ನನಗ ಬ್ಯಾರೆ ದಾರಿ ಇಲ್ಲ. ಮದುವಿ ಆಗೂತನಕ ಅವ್ವನ್ನ ಹಂಗ ಇರಗೊಡ್ರಿ."

ಮದುವೆ ಆದ ಮೇಲೆ ಏನು ಎಂದು ಕೇಳಿದೆ. ನಳ ಬಂದ್ ಮಾಡಿ, ಗೌರೀಶ ನಿಂತಿದ್ದ ಕಡೆ ಒಮ್ಮೆ ನೋಡಿ, ಹೊರಟುಬಿಟ್ಟಳು. ಹೋಗುವ ಮೊದಲು ನಾನು ಅವಳಿಗೆ ಹೂಂ ಎಂದಿದ್ದೆ ಗುರವ್ವ. ನಿನ್ನನ್ನು ಒಂದು ಮಾತೂ ಕೇಳದೆ ಹೂಂ ಎಂದಿದ್ದೆ.

ನೀನು ಬರಬೇಡ.