ಬಸ್ಸು ಹತ್ತದ ಮಾನಿಟರ್

ಸಭಾಧ್ಯಕ್ಷೆಯಾದ ಅಕ್ಕನೇ, ಮುಖ್ಯ ಅತಿಥಿಗಳಾದ ಭಾವನವರೇ, ಹೆಗಲ ಮೇಲಿಂದ ಇಣುಕಿ ಓದುತ್ತಿರುವ ಮಕ್ಕಳೇ,

ಕೆಲಸ ಹೋದ ತಮ್ಮನಿಗೆ ನಿಮ್ಮ ಮನೆಯ ಹಿಂದಿನ ಕೋಣೆ ಕೊಡುತ್ತೇವೆ ಎಂದಿರಿ. ಉಪಕಾರ ದೊಡ್ಡದು. ಆದರೆ ನಾನು ಬರುತ್ತಿಲ್ಲ. ಕಾರಣ ಶುದ್ಧ ತಾಂತ್ರಿಕ.

ನನ್ನ ಲ್ಯಾಪ್‌ಟಾಪಿನ ಪರದೆ ಒಡೆದು ಕಪ್ಪಾಗಿದೆ. ಪಕ್ಕದಲ್ಲಿ ಹಳೆಯ ಮಾನಿಟರ್ ಒಂದನ್ನು ಜೋಡಿಸಿಕೊಂಡು ಕರಡು ತಿದ್ದುವ ಬಿಡಿ ಕೆಲಸ ಮಾಡುತ್ತಿದ್ದೇನೆ. ಆ ಮಾನಿಟರಿಗೆ ಬಸ್ಸಿನಲ್ಲಿ ಬೇರೆ ಸೀಟೇ ಬೇಕು. ಹೊತ್ತು ತಂದರೆ ಬೆನ್ನು ಹೋಗುತ್ತದೆ, ಬಿಟ್ಟು ಬಂದರೆ ಅನ್ನ ಹೋಗುತ್ತದೆ.

ಇನ್ನೊಂದು ತೊಂದರೆಯಿದೆ. ತನ್ನ ಪರದೆ ಸತ್ತಿರುವುದು ಲ್ಯಾಪ್‌ಟಾಪಿಗೆ ಇನ್ನೂ ಗೊತ್ತಿಲ್ಲ. ನಾನು ಮಾನಿಟರಿನಲ್ಲಿ ತೆರೆದ ಕಿಟಕಿಗಳನ್ನು ಆಗಾಗ ಆ ಕತ್ತಲೆಗೇ ಕಳಿಸಿಬಿಡುತ್ತದೆ. ಏನೂ ಕಾಣುವುದಿಲ್ಲ, ಆದರೆ ಎಲ್ಲ ನಡೆಯುತ್ತಿರುತ್ತದೆ.

ಹಾಗಾಗಿ ಕೋಣೆ ಖಾಲಿ ಮಾಡಬೇಡಿ. ಮಕ್ಕಳ ಸೈಕಲ್ಲು ಅಲ್ಲೇ ಇರಲಿ. ಮುಂಚೆಯೇ ಕಳಿಸಿದ್ದ ನನ್ನ ಹಾಸಿಗೆಯನ್ನು ಯಾರಾದರೂ ಈ ಕಡೆ ಬರುವಾಗ ವಾಪಸ್ ಕಳಿಸಿ.

ಅಕ್ಕಾ, ಬಸ್ಸಿನ ಮಾತು ಸುಳ್ಳು. ಭಾನುವಾರ ವಿಡಿಯೋ ಕರೆಯಲ್ಲಿ "ಇಡ್ತೀನಿ ಕಣೋ" ಅಂದು ನೀನು ಫೋನು ಬೋರಲು ಹಾಕಿದೆ. ಕರೆ ಮುಗಿದಿರಲಿಲ್ಲ, ಅದರ ಕಿಟಕಿ ನನ್ನ ಕಪ್ಪು ಪರದೆಗೆ ಜಾರಿತ್ತು ಅಷ್ಟೇ; ದನಿ ಕೇಳುತ್ತಲೇ ಇತ್ತು. "ಅವನಿಗೆ ಪ್ರಾಸ, ನಮಗೆ ವನವಾಸ" ಅಂದರು ಭಾವ. ನನ್ನ ಪ್ರಾಸಗಳಿಗಿಂತ ಚೆನ್ನಾಗಿತ್ತು.

"ಒಂದು ತಿಂಗಳು ತಡ್ಕೊಳ್ರೀ, ಆಮೇಲೆ ನಾನೇ ಸಾಗಹಾಕ್ತೀನಿ" ಅಂದೆ ನೀನು. ನಗುತ್ತಾ ಅಂದೆ.

ಇಂತಿ,
ನಿನ್ನ ತಮ್ಮ