ನಿನ್ನ ರವಿಕೆಯ ಅಳತೆ

ಹರಿಣಿ,

ಇದು ನಿನ್ನ ಕೈಗೆ ಸಿಗುವುದಿಲ್ಲ. ನೀನಿರುವ ಆ ವ್ಯಕ್ತಿತ್ವ ವಿಕಸನ ಕೇಂದ್ರವನ್ನು ಬಿಟ್ಟುಹೋದವರ ಪತ್ರಗಳನ್ನು ಒಡೆಯದೆ ಹರಿಯುವುದು ಅಲ್ಲಿಯ ಕ್ರಮ. ಅಲ್ಲಿದ್ದಾಗ ನಾನೇ ಎಷ್ಟೋ ಹರಿದಿದ್ದೇನೆ. ಹಾಗಾಗಿ ಅಂಚೆಗೆ ಹಾಕುವುದಿಲ್ಲ.

ನಾನೀಗ ಉಪ್ಪಳದಲ್ಲಿ ಕುಂಞಾಮಿನಕ್ಕನ ಟೈಲರ್ ಅಂಗಡಿಯಲ್ಲಿದ್ದೇನೆ. ಮೊದಮೊದಲು ಅವರು "ಎಂತ, ಬೇಜಾರಾ?" ಎಂದು ಕೇಳಿದರೆ, ಕೇಂದ್ರದ ಸರ್ ಕಲಿಸಿದ ಹಾಗೆ ಹಲ್ಲು ಕಾಣುವಂತೆ ನಗುತ್ತಿದ್ದೆ. ಅಲ್ಲಿಂದ ಹೊರಬಂದು ಎರಡು ವರ್ಷವಾಯಿತು. ಈಗ ಬೇಜಾರಿದ್ದರೆ ಬೇಜಾರು ಎನ್ನುತ್ತೇನೆ.

ಇವತ್ತು ಬೆಳಿಗ್ಗೆ ನಿನ್ನ ಅಮ್ಮ ಬಂದಿದ್ದರು. ಚೀಲದಿಂದ ನವಿಲು ಬಣ್ಣದ ಬಟ್ಟೆ ತೆಗೆದು, "ಹರಿಣಿಗೆ ಒಂದು ರವಿಕೆ ಹೊಲಿ. ಅವಳ ಅಳತೆ ನಿಂಗೆ ಗೊತ್ತುಂಟಲ್ಲ?" ಎಂದರು.

ಕಾಲೇಜ್ ಡೇ ನೆನಪಾಯಿತು. ನೀನು ಡ್ಯಾನ್ಸ್ ಮುಗಿಸಿ ಬಿಚ್ಚಿಕೊಟ್ಟ ರವಿಕೆಯನ್ನೇ ನಾನು ನಾಟಕಕ್ಕೆ ಹಾಕಿಕೊಂಡಿದ್ದೆ. ಬೆವರಿಗೆ ಪೂರ್ತಿ ಒದ್ದೆಯಾಗಿತ್ತು. ಪರದೆಯ ಹಿಂದೆ ನೀನು ನಗುತ್ತಿದ್ದೆ, ನಾನು ವೇದಿಕೆಯ ಮೇಲೆ ಮಾತು ಮರೆತೆ.

ನಿನ್ನ ಅಮ್ಮನ ಎದುರು ಟೇಪು ಹಿಡಿದು ನನ್ನನ್ನೇ ಅಳೆದುಕೊಂಡೆ. ನಿನ್ನನ್ನು ಮೊದಲ ದಿನ ಆ ಕೇಂದ್ರಕ್ಕೆ ಕರೆದುಕೊಂಡು ಹೋದವಳು ನಾನೆಂದು ಅವರಿಗೆ ಗೊತ್ತಿದೆ. ತಪ್ಪಾಯಿತೆಂದು ಹೇಳಲು ನಾನು ಬಾಯಿ ತೆರೆದಾಗ, "ಕುತ್ತಿಗೆ ತುಂಬ ಇಳಿಸಬೇಡ" ಎಂದರು.

ಮೆಟ್ಟಿಲಿಳಿದವರು ತಿರುಗಿ ನಿಂತರು. "ಒಳಗೆ ಸ್ವಲ್ಪ ಬಟ್ಟೆ ಬಿಡು ಮಗಾ. ಬರುವಾಗ ಹೇಗಿರ್ತಾಳೋ ಎಂತದೋ."

ಎರಡೂ ಬದಿಗೆ ಒಂದೊಂದು ಇಂಚು ಬಿಟ್ಟು ಹೊಲಿದಿದ್ದೇನೆ.